ಮುಯ್ಯಾಳು ಇಲ್ಲದ ದೇಶ

ಕೊಪ್ಪದ ಹತ್ತಿರದ ನಮ್ಮೂರಿನಿಂದ,
ಪಿರಿಯಾಪಟ್ಟಣ ತಾಲ್ಲೂಕು
17-8-2025, ಭಾನುವಾರ

ನಮ್ಮ ವಂಶದಲ್ಲೇ ಮೊದಲು ವಿಮಾನ ಹತ್ತಿದ ಸುಕನ್ಯಳಿಗೆ, ಅದೇ ವಂಶದಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೊಗೆಸೊಪ್ಪು ಬೇಯಿಸುವ ನಿನ್ನ ಸೋದರಮಾವ ದೇವರಾಜು ಮಾಡುವ ಆಶೀರ್ವಾದಗಳು.

ಫೋನಿನ ಕಾಲದಲ್ಲಿ ಮಾವನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಅಂದುಕೊಳ್ಳಬೇಡ ಕೂಸೇ. ನೀನಿರುವ ಕಡೆ ಡ್ರೋನು ಬಂತೆಂದರೆ ಇಂಟರ್‌ನೆಟ್ಟು ನಿಲ್ಲಿಸಿಬಿಡುತ್ತಾರಂತೆ. ಲೈನು ಸಿಕ್ಕಿದಾಗಲೂ ನಿನ್ನ ಪಕ್ಕದಲ್ಲಿ ಯಾರಾದರೊಬ್ಬರು ನಿಂತೇ ಇರುತ್ತಾರಂತೆ. ಇದೆಲ್ಲ ಹೇಳಿದ್ದು ನಿಮ್ಮ ಫ್ಯಾಕ್ಟರಿಯಲ್ಲಿ ನಿನ್ನ ಪಕ್ಕದ ಹೊಲಿಗೆ ಮಿಷನ್ನಿನ ಚೈತ್ರ. ಅಕ್ಕನ ಮದುವೆಗೆಂದು ಮಿರ್ಲೆಗೆ ಬಂದವಳು ಈಗ ರಷ್ಯಾಕ್ಕೆ ವಾಪಸ್ ಹೊರಟಿದ್ದಾಳೆ. ಅವಳ ಕೈಯಲ್ಲೇ ಈ ಕಾಗದ ಕೊಡುತ್ತಿದ್ದೇನೆ. ದಾರಿಯಲ್ಲಿ ಯಾರಾದರೂ ಒಡೆದು ನೋಡಿದರೂ ಭಯವಿಲ್ಲ. ನನ್ನ ಅಕ್ಷರ ಅರ್ಥವಾಗಬೇಕಾದರೆ ಅವರು ನಮ್ಮೂರ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ ನನ್ನ ಪಕ್ಕದಲ್ಲೇ ಕೂತಿರಬೇಕು.

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮವ್ವ ಕುಳ್ಳಮ್ಮ ಮೊದಲಿನಂತೆಯೇ ನನ್ನನ್ನು ಬಯ್ಯುತ್ತಾ ಆರೋಗ್ಯವಾಗಿದ್ದಾಳೆ. ನಿಮ್ಮತ್ತೆ ರಾಮಮ್ಮನೂ ಅಷ್ಟೇ. ಈ ಸಲ ನಮ್ಮ ಬ್ಯಾರನ್ನಿನಲ್ಲಿ ಬೆಂದ ಸೊಪ್ಪಿನ ಬಣ್ಣ ನೋಡಿದರೆ ಹರಾಜಿಗೆ ಬರುವವರು ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ನೋಡಬೇಕು, ಹಾಗಿದೆ. ನಿಂಬೆಹಣ್ಣಿನ ಬಣ್ಣ. ಸುತ್ತ ಏಳೂರಲ್ಲಿ ಇಂಥ ಬಣ್ಣ ತೆಗೆಯುವವರು ಯಾರಿದ್ದಾರೆ ಎಂದು ನಾನು ಕೇಳುವುದಿಲ್ಲ, ಜನರೇ ಕೇಳುತ್ತಾರೆ.

ನೀನು ಹೋದ ಮೇಲೆ ನಾನು ಯುದ್ಧದ ವಿಷಯದಲ್ಲಿ ಪಂಡಿತನಾಗಿದ್ದೇನೆ. ಟೀ ಅಂಗಡಿಯಲ್ಲಿ ಪೇಪರು ಬಂದರೆ ಮೊದಲು ನನ್ನ ಕೈಗೇ ಕೊಡುತ್ತಾರೆ. ಸೂರ್ಯಕಾಂತಿ ಎಣ್ಣೆ ಯಾಕೆ ಏರಿತು, ಗೊಬ್ಬರದ ಮೂಟೆ ಯಾಕೆ ಸಿಗುವುದಿಲ್ಲ ಎಂದು ಅವರು ಕೇಳುವುದು, ನಾನು ಕಾಲ ಮೇಲೆ ಕಾಲು ಹಾಕಿಕೊಂಡು ಹೇಳುವುದು. "ಯುದ್ಧ ಅಂದ್ರೆ ಬ್ಯಾರನ್ನು ಕಣ್ರಲಾ" ಅಂತ ಶುರುಮಾಡುತ್ತೇನೆ. ಒಂದು ಸಲ ಬೆಂಕಿ ಹಾಕಿದ ಮೇಲೆ ಸೊಪ್ಪು ಹದಕ್ಕೆ ಬರುವ ತನಕ ಆರಿಸುವಂತಿಲ್ಲ. ಆರಿಸಿದರೆ ಅಷ್ಟೂ ಸೊಪ್ಪು ಕಪ್ಪು. ಆ ವರ್ಷ ಮಳೆ ಬಿಡದೆ ಹುಯ್ದು, ಸೌದೆಯೆಲ್ಲ ನೆಂದು ಮುಗಿದಾಗ ನಾವೇನು ಮಾಡಿದೆವು, ನಿನಗೆ ನೆನಪಿರಬೇಕು. ಮೊದಲು ಒಳ್ಳೆ ದಿಮ್ಮಿ ಹೋಯಿತು. ಆಮೇಲೆ ಕಾಫಿ ಬೊಡ್ಡೆ. ಆಮೇಲೆ ಬೇಲಿಯ ಗೂಟ. ಕಡೆಗೆ ಕೊಟ್ಟಿಗೆಯ ಬಾಗಿಲು ಕಿತ್ತು ಒಲೆಗೆ ತುಂಬಿದೆವು. ಅದೂ ಮುಗಿದಾಗ ಕಣ್ಣು ಹೋದದ್ದು ಪಕ್ಕದ ಹೊಲದವನ ಮರದ ಕಡೆಗೆ. ಬಹಳ ವರ್ಷ ಯುದ್ಧ ಮಾಡುವ ದೇಶವೂ ಹಾಗೆಯೇ. ತನ್ನ ಸೌದೆ ಮುಗಿದ ಮೇಲೆ ಅದು ನಮ್ಮ ಅಂಗಳಕ್ಕೆ ಬರುತ್ತದೆ.

ಬಂತು ಕೂಸೇ. ನಮ್ಮ ಅಂಗಳಕ್ಕೇ ಬಂತು.

ಹುಣಸೂರಿನಲ್ಲಿ ಬಾಡಿಗೆ ರೂಮು ಹಿಡಿದಿದ್ದ ಏಜೆಂಟೊಬ್ಬನ ರೂಪದಲ್ಲಿ. ಬೆಂಗಳೂರಿನ ಕಡೆಯವನು. ಅವನು ಬಂದರೆ ಅವನಿಗಿಂತ ಮುಂಚೆ ಅವನ ವಾಸನೆ ಬರುತ್ತಿತ್ತು, ಅದಕ್ಕೆ ನಾನು 'ಸೆಂಟು ಬಾಟ್ಲಿ' ಎಂದು ಹೆಸರಿಟ್ಟೆ. ಈಗ ಊರೆಲ್ಲ ಅದೇ ಹೆಸರು. ನಿನ್ನ ತಮ್ಮ ಯತೀಶ ಅವನನ್ನು ಎಲ್ಲಿ ಹಿಡಿದನೋ ಗೊತ್ತಿಲ್ಲ, ಒಂದು ದಿನ ಬೈಕಿನ ಹಿಂದೆ ಕೂರಿಸಿಕೊಂಡು ಮನೆಗೇ ಬಂದ.

"ಸರ್, ಅಲ್ಲಿ ಆಳುಗಳ ಶಾರ್ಟೇಜು. ಅವರ ಗಂಡಸರೆಲ್ಲ ಬಾರ್ಡರಿಗೆ ಹೋಗಿದ್ದಾರೆ. ಫ್ಯಾಕ್ಟರಿ ಖಾಲಿ, ಗೋಡೌನು ಖಾಲಿ. ನಿಮ್ಮ ಹುಡುಗನಿಗೆ ಹೆಲ್ಪರ್ ಕೆಲಸ. ಬಂದೂಕು ಮುಟ್ಟೋ ಹಾಗೇ ಇಲ್ಲ" ಎಂದ ಆ ಏಜೆಂಟ್.

ನನ್ನನ್ನು 'ಸರ್' ಎಂದು ಕರೆದವನು ಅವನೇ ಮೊದಲು. ಸುಳ್ಳು ಯಾಕೆ ಹೇಳಲಿ, ಕಿವಿಗೆ ಹಿತವಾಯಿತು. ಸಂಬಳ ಹೇಳಿದ. ಯತೀಶನ ಕಣ್ಣು ಅಲ್ಲೇ ವಿಮಾನ ಹತ್ತಿತು. "ಅಕ್ಕ ಒಬ್ಳೇ ಎಷ್ಟ್ ದಿನ ದುಡೀಬೇಕು ಮಾವ? ನಾನೇನು ಗಂಡಸಲ್ವಾ?" ಎಂದ. ಆ ಮಾತು ಕೇಳಿದ ಮೇಲೆ ಅವನನ್ನು ಬಯ್ಯುವುದಕ್ಕೂ ಆಗಲಿಲ್ಲ. ನಿಮ್ಮವ್ವ ಮಾತ್ರ, "ಒಂದನ್ನ ಕಳ್ಸಿದ್ದೀನಿ. ಎರಡನೇದ್ನೂ ಕಳ್ಸಾಕಿಲ್ಲ" ಎಂದಳು. ಎರಡು ದಿನ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕಡೆಗೆ ತೀರ್ಮಾನ ನನ್ನ ತಲೆಗೆ ಬಂತು. ನಿಮ್ಮಪ್ಪ ಹೋದ ಮೇಲೆ ಆ ಮನೆಯ ಗಂಡುಹುಡುಗನನ್ನು ಎಲ್ಲಿಗಾದರೂ ಕಳಿಸಬೇಕಾದರೆ ಸೋದರಮಾವ ಹೂಂ ಅನ್ನಬೇಕಲ್ಲ.

ಎರಡನೇ ಸಲ ಬಂದಾಗ ಸೆಂಟು ಬಾಟ್ಲಿ, ಯತೀಶ ಆಗಲೇ ಕೊಟ್ಟಿದ್ದ ಪಾಸ್‌ಪೋರ್ಟನ್ನು ಕೈಯಲ್ಲೇ ಹಿಡಿದಿದ್ದ. ನನಗೆ ಇನ್ನೂ ಅನುಮಾನವಿದೆ ಎಂದು ತಿಳಿದು, "ನನ್ನನ್ನ ನಂಬಬೇಡಿ ಸರ್, ನಿಮ್ಮ ಹುಡುಗೀನೇ ಕೇಳಿ" ಎಂದು ತನ್ನ ಫೋನಿನಲ್ಲೇ ನಿನಗೆ ವಿಡಿಯೋ ಕಾಲು ಹಚ್ಚಿದ. ಆ ಕಡೆ ನಿನ್ನ ಹೆಗಲ ಹಿಂದೆ ಅವನ ಕಡೆಯವನೇ ಒಬ್ಬ ನಿಂತಿದ್ದ, ಕಾಣುತ್ತಿತ್ತು. ಈ ಕಡೆ ಬ್ಯಾರನ್ನಿನ ಮುಂದೆ ನಾವೆಲ್ಲ. ಅವತ್ತು ನಮ್ಮ ಸೊಪ್ಪು ಮುರಿಯುವ ದಿನ. ಚಿಕ್ಕಸಿದ್ದಮ್ಮನ ಮನೆಯವರು, ಸುನಂದಮ್ಮನ ಮನೆಯವರು ಎಲ್ಲ, ನಾವು ಅವರ ಹೊಲಕ್ಕೆ ಹೋಗಿದ್ದಕ್ಕೆ ಮುಯ್ಯಾಳಿಗೆ ಬಂದು ಕಡ್ಡಿಗೆ ಸೊಪ್ಪು ಕಟ್ಟುತ್ತಾ ಕೂತಿದ್ದರು.

ನೀನು ನಕ್ಕೆ. ಆ ನಗು ನನಗೆ ಗೊತ್ತು. ಚಿಕ್ಕವಳಿದ್ದಾಗ ಕಿವಿ ಚುಚ್ಚಿಸಲು ನನ್ನ ತೊಡೆಯ ಮೇಲೆ ಕೂರಿಸಿಕೊಂಡಾಗ ಅಳಬಾರದೆಂದು ಹಲ್ಲು ಕಚ್ಚಿ ನಕ್ಕಿದ್ದೆಯಲ್ಲ, ಅದೇ ನಗು. ಆಮೇಲೆ ಪಾಠ ಒಪ್ಪಿಸಿದ ಹಾಗೆ ಹೇಳಿದೆ: "ಅವ್ವಾ, ಎಲ್ಲ ಚೆನ್ನಾಗೈತೆ. ಊಟ ಚೆನ್ನಾಗೈತೆ. ಹೆಲ್ಪರ್‌ಗಳಿಗೆ ಸಂಬ್ಳಾನೂ ಜಾಸ್ತಿ. ಒಂದೇ ಏನಪ್ಪ ಅಂದ್ರೆ, ಅವ್ರಿಗೆ ಇಲ್ಲಿ ಮುಯ್ಯಾಳು ಇಲ್ಲ ಕಣವ್ವ. ಆಳು ಓಯ್ತದೆ, ಮುಯ್ಯಿ ಬರಾಕಿಲ್ಲ."

ಸೆಂಟು ಬಾಟ್ಲಿಗೆ ಖುಷಿಯೋ ಖುಷಿ. "ನೋಡಿದ್ರಾ ಸರ್! ಮುಯ್ಯಿಗಿಯ್ಯಿ ಅನ್ನೋ ಹಳ್ಳಿ ಲೆಕ್ಕ ಅಲ್ಲಿಲ್ಲ. ಎಲ್ಲ ಕೈಗೆ ದುಡ್ಡು!" ಎಂದು ಫೋನು ಕಟ್ ಮಾಡಿದ.

ನಾನು ತಲೆ ಆಡಿಸಿದೆ. ನಿಮ್ಮವ್ವ ಇದನ್ನೇ ಹಿಡಿದುಕೊಂಡು ನಿನಗೆ ಚಾಡಿ ಹೇಳಬಹುದು, ಅದಕ್ಕೇ ಮೊದಲೇ ಬರೆಯುತ್ತಿದ್ದೇನೆ. ನನಗೆ ಅರ್ಥವಾಗದೆ ತಲೆ ಆಡಿಸಿದ್ದಲ್ಲ. ಉಳಿದವರಿಗೆ ಅರ್ಥವಾಗುತ್ತದೋ ಇಲ್ಲವೋ ನೋಡೋಣ ಎಂದು ಆಡಿಸಿದ್ದು.

ಅಷ್ಟರಲ್ಲಿ ಸೊಪ್ಪು ಕಟ್ಟುತ್ತಿದ್ದ ಹೆಂಗಸರ ಕೈಗಳೆಲ್ಲ ನಿಂತುಬಿಟ್ಟಿದ್ದವು. ಚಿಕ್ಕಸಿದ್ದಮ್ಮನ ಬಾಯಿಂದ "ಅಯ್ಯೋ ಕೂಸೇ" ಎಂಬ ಒಂದು ಮಾತು ಬಂತು. ನಿಮ್ಮವ್ವ ಎದ್ದಳು. ಸೊಪ್ಪಿನ ಅಂಟು ಹಿಡಿದ ಕೈಯನ್ನು ಸೆರಗಿಗೂ ಒರೆಸಿಕೊಳ್ಳದೆ ಏಜೆಂಟನ ಮುಂದೆ ಹೋಗಿ ನಿಂತಳು.

"ಸ್ವಾಮಿ, ನಿಮಗೆ ಗಂಡುಮಕ್ಕಳವ್ರಾ?"

"ಒಬ್ಬ ಮಗ ಇದ್ದಾನಮ್ಮ. ಓದ್ತಿದ್ದಾನೆ."

"ಅಂಗಾರೆ ಅವ್ನ ತಂದು ನಮ್ಮನೇಲಿ ಬುಟ್ಬುಡಿ. ನಮ್ಮ ಯತೀಶ ಇವತ್ತು ನಿಮ್ಮ ಕೆಲ್ಸಕ್ಕೆ ಬತ್ತಾನೆ. ಅವ್ನು ತಿರುಗಿ ಬಂದು ಈ ಬಾಗ್ಲಲ್ಲಿ ನಿಂತ ದಿವ್ಸ ನಿಮ್ಮ ಮಗನ್ನ ಕರ್ಕೊಂಡೋಗಿ. ಇವತ್ತು ನಮ್ಮನೆ ಆಳು ನಿಮ್ಮನೆಗೆ, ನಾಳೆ ನಿಮ್ಮನೆ ಆಳು ನಮ್ಮನೆಗೆ. ಮುಯ್ಯಾಳು ಅಂದ್ರೆ ಇದು ಕಣ್ರಪ್ಪ. ಹೋದವ್ರು ತಿರುಗಿ ಬರ್ಬೇಕು."

ಅವನು ಏನೋ ಹೇಳಲು ಬಾಯಿ ತೆರೆದ. ಸುನಂದಮ್ಮ ಕೂತಲ್ಲಿಂದಲೇ, "ಯಾಕ್ ಸ್ವಾಮಿ, ನಿಮ್ಮ ಮಗಂಗೆ ಹೊಗೆ ಒಗ್ಗಾಕಿಲ್ವಾ?" ಎಂದಳು. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಆ ನಗುವಿನ ಮಧ್ಯೆ ನಿಮ್ಮವ್ವ ಅವನ ಕೈಯಲ್ಲಿದ್ದ ಪಾಸ್‌ಪೋರ್ಟನ್ನು ಸೊಪ್ಪು ಕಿತ್ತಷ್ಟೇ ಸಲೀಸಾಗಿ ಕಿತ್ತುಕೊಂಡು ಸೊಂಟದ ಎಲೆಅಡಿಕೆ ಚೀಲದೊಳಗೆ ತುರುಕಿಕೊಂಡಳು. ಈಗಲೂ ಅಲ್ಲೇ ಇದೆ. ಸುಣ್ಣ ಮೆತ್ತಿಕೊಂಡು ಸರ್ಕಾರದ ಸಿಂಹಗಳು ಬೆಳ್ಳಗಾಗಿವೆ.

ಆಮೇಲೆ ಏಜೆಂಟನನ್ನು ಗೇಟಿನ ತನಕ ಅಟ್ಟಿಕೊಂಡು ಹೋದವನು ನಾನೇ. ಇದಕ್ಕೆ ಸಾಕ್ಷಿ ಇದೆ.

ಯತೀಶ ಉರಿದುಬಿದ್ದ. "ಅಕ್ಕ ಏನೋ ಒಗಟು ಹೇಳಿದ್ಲು ಅಂತ ನನ್ನ ಲೈಫ್ ಹಾಳ್ಮಾಡ್ಬುಟ್ರಿ" ಎಂದು ಊಟದ ತಟ್ಟೆ ಬಿಟ್ಟು ಎದ್ದ. ಬೇರೆ ಪಾಸ್‌ಪೋರ್ಟ್ ಮಾಡಿಸಿಕೊಂಡು ಹೋಗುತ್ತೇನೆ ಎಂದ. ಹೋಗಿಬಿಡುತ್ತಾನೆ ಎಂದು ನಿಮ್ಮವ್ವ ನಿದ್ದೆಗೆಟ್ಟಳು. ನಾನು ಹೆದರಲಿಲ್ಲ. ನಾನು ಹೆದರುವ ಜಾಯಮಾನದವನಲ್ಲ ಎಂದು ನಿನಗೇ ಗೊತ್ತು.

ಆಗ ಚೈತ್ರ ಬಂದಳು. ಅಂಗಳದಲ್ಲಿ ಕೂತು ಎಲ್ಲವನ್ನೂ ಬಿಡಿಸಿ ಹೇಳಿದಳು. ಮೊದಲು ಕೋಟು ಹೊಲಿಯುತ್ತಿದ್ದ ನಿಮ್ಮ ಫ್ಯಾಕ್ಟರಿಯಲ್ಲಿ ಈಗ ಮಿಲಿಟರಿ ಡೇರೆ ಹೊಲಿಯುವುದು. ಗಂಡಸರ ಜಾಗದಲ್ಲೆಲ್ಲ ಹೆಂಗಸರು, ಹೊರದೇಶದವರು. ಮಿಷನ್ನು ರಿಪೇರಿಗೆ ಬರುವ ಅಜ್ಜನಿಗೆ ಸ್ಕ್ರೂ ಕಾಣುವುದಿಲ್ಲವಂತೆ, ನೀನೇ ಹಿಡಿದು ತೋರಿಸಬೇಕಂತೆ. ಬೆಣ್ಣೆಯನ್ನು ಅಂಗಡಿಯಲ್ಲಿ ಬೀಗ ಹಾಕಿದ ಡಬ್ಬಿಯಲ್ಲಿ ಇಡುತ್ತಾರಂತೆ. ಭಾನುವಾರವೂ ಕೆಲಸವಂತೆ. ಆಮೇಲೆ ಅವಳು ಯತೀಶನ ಕಡೆ ತಿರುಗಿದಳು. ನಿಮ್ಮಲ್ಲಿ ಬಂಡಲು ಎತ್ತುತ್ತಿದ್ದ ಬೇರೆ ಬೇರೆ ದೇಶದ ಹುಡುಗರು, ಅವರಲ್ಲೊಬ್ಬ ಇವನಷ್ಟೇ ಎತ್ತರ, ಹೆಲ್ಪರ್ ಕೆಲಸವೆಂದು ನಂಬಿ ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಿದರಂತೆ. ಹಸಿರು ಬಟ್ಟೆ ಕೊಟ್ಟು ಬಾರ್ಡರಿನಲ್ಲಿ ಗುಂಡಿ ತೋಡಲು ಕರೆದುಕೊಂಡು ಹೋದರಂತೆ. "ಒಬ್ಬನೂ ತಿರುಗಿ ಬಂಡಲು ಎತ್ತೋಕೆ ಬರಲಿಲ್ಲ ಯತೀಶ. ಅವರ ಚಪ್ಪಲಿಗಳು ಇನ್ನೂ ಹಾಸ್ಟೆಲಿನ ಮೆಟ್ಟಿಲ ಮೇಲಿವೆ. ನಿನ್ನಕ್ಕ ದಿನಾ ದಾಟಿಕೊಂಡು ಹೋಗ್ತಾಳೆ" ಎಂದಳು.

ಯತೀಶ ಎದ್ದು ಹೋಗಿ ಬ್ಯಾರನ್ನಿನ ಒಲೆಯ ಮುಂದೆ ಕೂತ. ಸ್ವಲ್ಪ ಹೊತ್ತಿನ ಮೇಲೆ, "ಮಾವ, ಸೌದೆ ಇನ್ನೊಂದು ಸ್ವಲ್ಪ ಹಾಕ್ಲಾ?" ಎಂದು ಕೂಗಿದ. ಬೆಂಕಿ ಸರಿಯಾಗೇ ಇತ್ತು. ಆದರೂ ಹಾಕು ಎಂದೆ.

ಸುಕನ್ಯ, ನನ್ನ ಅಕ್ಕನ ಮಗಳು ಹೊಲಿದ ಡೇರೆಯಲ್ಲಿ ಒಂದು ದೊಡ್ಡ ದೇಶದ ಸೈನ್ಯ ಮಲಗುತ್ತದೆ ಎಂದು ನಾನು ಮೊದಲು ಟೀ ಅಂಗಡಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಈಗ ಅದನ್ನು ಹೇಳುವುದಿಲ್ಲ. ಈಗ ಬೇರೆಯದನ್ನು ಹೇಳುತ್ತೇನೆ. ಹಿಂದೊಬ್ಬ, ಮುಂದೊಬ್ಬ ಕಾವಲು ನಿಂತಿದ್ದಾಗ ನಮ್ಮ ಹುಡುಗಿ ನಮ್ಮೂರ ಹೊಲದ ಒಂದೇ ಒಂದು ಮಾತನ್ನು ಆರಿಸಿಕೊಂಡು, ನಗುನಗುತ್ತಾ ಹೇಳಿ, ತಮ್ಮನನ್ನು ಉಳಿಸಿದಳು ಎಂದು. ಮೊದಲ ಸಲ ಇದನ್ನು ಹೇಳಿದಾಗ ಟೀ ಅಂಗಡಿಯವನು ನನ್ನಿಂದ ಕಾಸು ತೆಗೆದುಕೊಳ್ಳಲಿಲ್ಲ.

ನಿನ್ನ ಕಾಂಟ್ರಾಕ್ಟು ಮುಂದಿನ ಫೆಬ್ರವರಿಗೆ ಮುಗಿಯುತ್ತದಂತೆ. ಇನ್ನೊಂದು ವರ್ಷ ಇರು ಎಂದು ಅವರು ಆಸೆ ತೋರಿಸುತ್ತಾರೆ ಎಂದು ಚೈತ್ರ ಹೇಳಿದಳು. ನೀನು ತಿಳಿದವಳು, ನಿನಗೆ ನಾನು ಏನು ಹೇಳಲಿ. ಓದಲು ಬಾರದ ಯಾವ ಕಾಗದಕ್ಕೂ ಸಹಿ ಹಾಕಬೇಡ, ಅಷ್ಟೇ. ನಿಮ್ಮವ್ವ ಫೆಬ್ರವರಿಯ ತನಕ ಆ ಎಲೆಅಡಿಕೆ ಚೀಲವನ್ನು ಸೊಂಟದಿಂದ ಬಿಚ್ಚುವುದಿಲ್ಲವಂತೆ. ಸ್ನಾನಕ್ಕೂ ಬಿಚ್ಚುವುದಿಲ್ಲ ಎಂದರೆ ಏನು ಮಾಡುವುದೆಂದು ನಾನೂ ಯೋಚಿಸುತ್ತಿದ್ದೇನೆ.

ನಿನ್ನ ಹೆಸರು ಹೇಳಿಕೊಂಡು ಊರೆಲ್ಲ ತಲೆ ಎತ್ತಿ ತಿರುಗುವ,
ನಿನ್ನ ಮಾವ
ದೇವರಾಜು

ಮರೆತ ಮಾತು: ಕವರಿನೊಳಗೆ ನನ್ನದೊಂದು ಪಾಸ್‌ಪೋರ್ಟ್ ಸೈಜಿನ ಫೋಟೊ ಇಟ್ಟಿದ್ದೇನೆ. ಮೀಸೆ, ತಲೆ ಎಲ್ಲ ಕರ‍್ರಗಿರುವುದು ನೋಡಿ ನಗಬೇಡ. ಸೆಂಟು ಬಾಟ್ಲಿ ಎರಡನೇ ಸಲ ಬರುವ ಹಿಂದಿನ ದಿನ ಕೊಪ್ಪಕ್ಕೆ ಹೋಗಿ ಬಣ್ಣ ಹಚ್ಚಿಸಿಕೊಂಡು ತೆಗೆಸಿದ್ದು. ಚೈತ್ರಳ ಅಕ್ಕನ ಮದುವೆಗೆ ಹಚ್ಚಿಸಿಕೊಂಡೆ ಎಂದು ನಿಮ್ಮತ್ತೆಗೆ ಹೇಳಿದ್ದೇನೆ, ನೀನೂ ಹಾಗೇ ಹೇಳು. ಯತೀಶ ಹಟ ಬಿಡದಿದ್ದರೆ ಅವನೊಬ್ಬನನ್ನೇ ಕಳಿಸುವುದು ಹೇಗೆ ಕೂಸೇ? ನಾನೂ ಬರುತ್ತೇನೆ ಎಂದು ಏಜೆಂಟನಿಗೆ ಗುಟ್ಟಾಗಿ ಫೋನು ಮಾಡಿದ್ದೆ. ನಲವತ್ತೈದು ದಾಟಿದವರು ಬೇಡ ಎಂದ. ಐವತ್ತೆರಡು ನಡೆಯುತ್ತಿರುವವನು ನಲವತ್ನಾಲ್ಕು ಎಂದೆ. ಈ ಫೋಟೊ ಕಳಿಸಿದೆ. ತಕ್ಷಣ ಒಪ್ಪಿಕೊಂಡ. ಈ ಮುಖವನ್ನು ನೋಡಿ ನಲವತ್ನಾಲ್ಕು ಎಂದು ಒಪ್ಪಿಕೊಳ್ಳಬೇಕಾದರೆ, ಆ ದೇಶಕ್ಕೆ ಆಳಿನ ಬರ ಎಷ್ಟಿರಬೇಕು ನೀನೇ ಯೋಚಿಸು.