ಒಂದೇ ಸಲಕ್ಕೆ ಹತ್ತು ಸಾವಿರ ಬಾಗಿಲು ತಟ್ಟಿದ್ದು

ಮನೆಯಿಂದ,
ಬುಧವಾರ, ಹನ್ನೆರಡನೇ ತಾರೀಖು

ನನ್ನ ಮುದ್ದು ಸೊಸೆಗೆ ಅತ್ತೆಯ ತುಂಬು ಮನಸ್ಸಿನ ಆಶೀರ್ವಾದ.

ಹೇಗಿದ್ದೀಯ? ಬೆಟ್ಟ ಹತ್ತಿ ಹತ್ತಿ ಹಿಮ್ಮಡಿ ಒಡೆದಿರಬೇಕು. ಮುಲಾಮು ನಿನ್ನ ಚೀಲದ ಪಕ್ಕದ ಜೇಬಿನಲ್ಲಿದೆ. ಹಚ್ಚಿಕೊಳ್ಳುವುದು ಬಿಟ್ಟು ಕಾಡುಬೀಜಗಳಿಗೆ ಚೀಟಿ ಅಂಟಿಸುತ್ತಾ ಕೂತಿರುತ್ತೀಯ, ನನಗೆ ಗೊತ್ತಿಲ್ಲವೇ. ನೀನಿರುವ ಕಡೆ ಫೋನ್ ಸಿಗುವುದಿಲ್ಲ, ವಾರಕ್ಕೊಮ್ಮೆ ಸಾಮಾನಿನ ಗಾಡಿ ಮಾತ್ರ ಹತ್ತುತ್ತದೆ ಅಂದಿದ್ದೆಯಲ್ಲ, ಇದನ್ನು ಆ ಡ್ರೈವರ್ ಕೈಗೇ ಕೊಡುತ್ತೇನೆ. ನಿನ್ನ ಗಂಡ ಆರೋಗ್ಯವಾಗಿದ್ದಾನೆ. ಅಡುಗೆ ಅವನದೇ ಆದ್ದರಿಂದ ನಾನು ಎರಡು ಕಿಲೋ ಇಳಿದಿದ್ದೇನೆ.

ಈಗ ಸುದ್ದಿ. ಇದನ್ನು ಕೂತುಕೊಂಡೇ ಓದು. ಹೊರಡುವ ದಿನ ನೀನು ಮುಂಗೋಣೆಯಲ್ಲಿ ಬೀಜದ ಡಬ್ಬಿಗಳ ನಡುವಿನ ಕಂಪ್ಯೂಟರ್ ತೋರಿಸಿ, 'ಅತ್ತೆ, ಬಿತ್ತನೆಗೆ ಮುಂಚೆ ನನ್ನ ಬೀಜ ಕೊಳ್ಳುವ ಈ ಸಾವಿರದ ನೂರಾ ನಲವತ್ತು ಜನಕ್ಕೆ ಒಂದೇ ಒಂದು ಮೇಲ್ ಕಳಿಸಿ, ಸಾಕು. ಯಾವ ಯಾವ ಬೀಜ ಇದೆ ಅಂತ ಬರೀರಿ' ಅಂದೆ. ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳಿಗೆ ಇದೇನು ಮಹಾ ಅಂದುಕೊಂಡೆ. ಇನ್ನೂರು ರೋಗಿಗಳ ಹೆಸರು ಬಾಯಲ್ಲಿ ಇಟ್ಟುಕೊಂಡಿದ್ದವಳು ನಾನು! ಆದರೆ ಸಾವಿರದ ನೂರಾ ನಲವತ್ತು ಜನ ಯಾವ ಮೂಲೆಗೆ ಅನ್ನಿಸಿತು. ಅದೇ ಹೊತ್ತಿಗೆ ಎದುರುಮನೆಯ ಫ್ಯಾನ್ ಅಂಗಡಿಯವನು, 'ಅಕ್ಕಾ, ನನ್ನ ಹತ್ತಿರ ಒಂಬತ್ತು ಸಾವಿರ ವಿಳಾಸ ಇದೆ, ತಗೊಳ್ಳಿ' ಅಂತ ಪೆನ್‌ಡ್ರೈವ್ ಕೊಟ್ಟ. ಪುಕ್ಕಟೆ ಸಿಕ್ಕರೆ ಬಿಡುತ್ತೇನೆಯೇ? ಅಷ್ಟನ್ನೂ ನಿನ್ನ ಪಟ್ಟಿಗೆ ಸುರಿದೆ. ನೀನು ಸುಮ್ಮನೆ ಅಕ್ಷರದಲ್ಲಿ ಬರೆಯುತ್ತಿದ್ದುದು ಸಪ್ಪೆ ಅಂತ, ಬೀಜಗಳ ಹೆಸರೆಲ್ಲ ಸೇರಿಸಿ ಒಂದು ದೊಡ್ಡ ಬಣ್ಣದ ಚಿತ್ರ ಮಾಡಿಸಿ ಅದನ್ನೇ ಹಾಕಿದೆ. ಅಡಿಯಲ್ಲಿ 'ಮೇಲ್ ಬೇಡವಾದರೆ ಇಲ್ಲಿ ಒತ್ತಿ' ಅಂತ ಒಂದು ಸಾಲಿತ್ತು. ಅಂಗಡಿ ಬಾಗಿಲಲ್ಲೇ ಯಾರಾದರೂ 'ಹೋಗೋದಾದರೆ ಹೋಗಿ' ಅಂತ ಬರೆಯುತ್ತಾರಾ? ಅಳಿಸಿಬಿಟ್ಟೆ. ತಲೆಬರಹಕ್ಕೆ, 'ತುರ್ತು!!! ತಕ್ಷಣ ಓದಿ!!!'

ಬೆಳಿಗ್ಗೆ ಹತ್ತಕ್ಕೆ ಗುಂಡಿ ಒತ್ತಿದೆ. ಇಷ್ಟೇ ಇಷ್ಟು ಸದ್ದು, ಗಾಜಿನ ಮೇಲೆ ಕಾಳು ಬಿದ್ದ ಹಾಗೆ. ಅಷ್ಟರಲ್ಲಿ ಹತ್ತು ಸಾವಿರ ಮನೆಗೆ ನನ್ನ ಮಾತು ಹೋಗಿ ಮುಟ್ಟಿತ್ತು. ನನ್ನ ಮೈ ಜುಮ್ಮೆಂದಿತು ಕಣೇ. ಇಡೀ ಆಯಸ್ಸು ಕಾರಿಡಾರಿನಲ್ಲಿ ನಡೆದು ಒಬ್ಬೊಬ್ಬರ ಹಾಸಿಗೆಯ ಹತ್ತಿರ ಹೋದವಳು, ಕುರ್ಚಿ ಬಿಟ್ಟೇಳದೆ ಅಷ್ಟು ಜನರ ಮುಂದೆ ನಿಂತಿದ್ದೆ!

ಆಮೇಲೆ ಅವರೆಲ್ಲ ತಿರುಗಿ ಮಾತಾಡತೊಡಗಿದರು. ಎಲ್ಲರಿಗೂ 'ಪ್ರೀತಿಯ ಮೊದಲ ಹೆಸರು ಅವರಿಗೆ' ಎಂದು ಹೋಗಿತ್ತು. ಅವರವರ ಹೆಸರು ತಾನಾಗಿ ಬಂದು ಕೂರಬೇಕಿದ್ದ ಜಾಗ ಅದು, ನಾನು ಅಕ್ಷರ ಕಂಡಲ್ಲೆಲ್ಲ ಕೈಯಾಡಿಸಿ ಕೆಡಿಸಿದ್ದೆ. ನನಗೇ ಒಂದು ಕಳಿಸಿ ನೋಡಿಕೊಂಡಿದ್ದರೆ ಕಾಣುತ್ತಿತ್ತು. ಹೆಸರು ನೋಡದೆ ಮಾತ್ರೆ ಕೊಡಬಾರದು ಅಂತ ಎಷ್ಟು ಹುಡುಗಿಯರನ್ನು ಬೈದಿದ್ದೇನೆ! ಒಬ್ಬ, 'ಯಾರಮ್ಮ ನೀನು, ನನ್ನ ವಿಳಾಸ ಯಾರು ಕೊಟ್ಟರು?' ಅಂದ. ಒಬ್ಬಾಕೆ, 'ನನ್ನ ಮಗ ಆಸ್ಪತ್ರೆಯಲ್ಲಿದ್ದಾನೆ, ತುರ್ತು ಅಂತ ಕಂಡು ಎದೆ ಒಡೆದುಹೋಯಿತು, ನೋಡಿದರೆ ಮೂಲಂಗಿ ಬೀಜ' ಅಂತ ಬರೆದಿದ್ದಳು. 'ತುರ್ತು' ಅನ್ನುವ ಮಾತಿನ ಬೆಲೆ ಗೊತ್ತಿದ್ದವಳೇ ನಾನು. ಮಧ್ಯಾಹ್ನದ ಹೊತ್ತಿಗೆ, ದೂರುಗಳು ಹೆಚ್ಚಾದವು ಅಂತ ಮೇಲ್ ಕಳಿಸುವ ಕಂಪನಿಯವರು ನಿನ್ನ ಖಾತೆಗೇ ಬೀಗ ಹಾಕಿದರು. ಬಿತ್ತನೆಗೆ ಹನ್ನೆರಡು ದಿನ ಉಳಿದಿತ್ತು. ನಾಲ್ಕು ವರ್ಷ ನೀನು ಒಬ್ಬೊಬ್ಬರನ್ನೇ ಕೇಳಿ ಸೇರಿಸಿದ ಜನರನ್ನು ಅರ್ಧ ದಿನದಲ್ಲಿ ಕಳೆದೆ ಅಂತ ಡಬ್ಬಿಗಳ ನಡುವೆ ಕೂತು ಅತ್ತೆ. ನಿನ್ನ ಗಂಡ ಬಂದು, 'ಅಮ್ಮಾ, ಊಟ' ಅಂದ. ಅದಕ್ಕೆ ಇನ್ನೂ ಜೋರಾಗಿ ಅತ್ತೆ.

ಕಣ್ಣೊರೆಸಿಕೊಂಡು ಉಳಿದ ಉತ್ತರ ಓದಿದೆ ನೋಡು, ಅಲ್ಲಿ ಬೇರೆಯದೇ ಲೋಕವಿತ್ತು. ಕಣ್ಣು ಕಾಣದ ಒಬ್ಬ ಮೇಷ್ಟ್ರು ಬರೆದಿದ್ದರು: 'ನನ್ನ ಫೋನು ಮೇಲುಗಳನ್ನು ಓದಿ ಹೇಳುತ್ತದೆ. ಈ ಸಲ "ಚಿತ್ರ" ಎಂದಷ್ಟೇ ಹೇಳಿ ಸುಮ್ಮನಾಯಿತು. ಆ ಹುಡುಗಿ ಹೀಗೆ ಬರೆಯುವವಳಲ್ಲ. ಅವಳಿಗೆ ಹುಷಾರಿಲ್ಲವೇ?' ಅವರೊಬ್ಬರೇ ಅಲ್ಲ, ಮೂವತ್ತೆಂಟು ಜನ ನಿನ್ನನ್ನು ವಿಚಾರಿಸಿದ್ದರು. ಮುಖ ನೋಡದವರು! ಬೀಜದ ಪೊಟ್ಟಣ ಕೊಳ್ಳುವವರು ಅಂದುಕೊಂಡಿದ್ದೆ. ಅವರು ನಿನ್ನ ದನಿ ಗುರುತು ಹಿಡಿಯುವವರು.

ಕಂಪನಿಗೆ ಫೋನ್ ಮಾಡಿದೆ. ಒಬ್ಬ ಹುಡುಗಿ, ಬಾಯಲ್ಲಿ ಬೆಣ್ಣೆ ಇಟ್ಟುಕೊಂಡ ಹಾಗೆ ಮೆತ್ತಗೆ, 'ಅಮ್ಮಾ, ಕರೆದವರ ಮನೆಗೆ ಮಾತ್ರ ಹೋಗಿ. ಸಾಕು ಅಂದವರಿಗೆ ದಾರಿ ಬಿಡಿ' ಅಂದಳು. ಆ ಒಂಬತ್ತು ಸಾವಿರವನ್ನು ಅಳಿಸಿದೆ, ಅಡಿಯ ಸಾಲನ್ನು ತಿರುಗಿ ಹಾಕಿದೆ. ನಾಲ್ಕನೇ ದಿನ ಬೀಗ ತೆಗೆದರು. ಈ ಸಲ ನನಗೊಂದು, ನಿನ್ನ ಗಂಡನಿಗೊಂದು ಕಳಿಸಿ ಮೂರು ಸಲ ಓದಿದ ಮೇಲೆಯೇ ನಿನ್ನ ಜನಕ್ಕೆ ಹೋಗಿದ್ದು. 'ನಾನು ಅವಳ ಅತ್ತೆ. ಅವಳು ಬೆಟ್ಟದಲ್ಲಿ ಬೀಜ ಹುಡುಕುತ್ತಿದ್ದಾಳೆ, ಚೆನ್ನಾಗಿದ್ದಾಳೆ. ತಪ್ಪೆಲ್ಲ ನನ್ನದು' ಅಂತ ಶುರುಮಾಡಿ, ಬರೀ ಅಕ್ಷರದಲ್ಲಿ, ಯಾವ ಬೀಜ ಕೈಗೆ ಹೇಗಿರುತ್ತೆ, ಯಾವ ಎಲೆ ಸವರಿದರೆ ಎಂಥ ವಾಸನೆ ಅಂತ ಬರೆದೆ. ಆಸ್ಪತ್ರೆಯಲ್ಲಿದ್ದ ಹುಡುಗನ ತಾಯಿಗೆ ಬೇರೆಯಾಗಿ ಕ್ಷಮೆ ಕೇಳಿ ಬರೆದೆ. ಹುಡುಗ ಎದ್ದು ಓಡಾಡುತ್ತಿದ್ದಾನಂತೆ.

ಅರವತ್ತೊಂದು ಜನ ಪಟ್ಟಿ ಬಿಟ್ಟು ಹೋದರು. ಹೋಗಲಿ ಅಂತ ಬಿಟ್ಟೆ. ಉಳಿದವರಲ್ಲಿ ಮುನ್ನೂರು ಜನ ಉತ್ತರ ಬರೆದರು! ಸಮುದ್ರದ ನಡುವಿನ ದೀಪಸ್ತಂಭ ಕಾಯುವವನು ಹಳೇ ಎಣ್ಣೆ ಡಬ್ಬಿಯಲ್ಲಿ ನಿನ್ನ ಬೀನ್ಸ್ ಬೆಳೆಯುತ್ತಾನಂತೆ, ಅದೇ ಅವನ ಇಡೀ ತೋಟ. ಮೇಷ್ಟ್ರು, 'ಟೊಮ್ಯಾಟೊ ನಾಲ್ಕು ಸಾಲು ಹಾಕುತ್ತೇನೆ. ನನ್ನ ಹೆಂಡತಿ ಬಣ್ಣ ನೋಡಲಿ, ನಾನು ವಾಸನೆ ನೋಡುತ್ತೇನೆ' ಅಂದರು. ಆ ಮುಂಗೋಣೆಯ ಪೆಟ್ಟಿಗೆಯೊಳಗೆ ಇಷ್ಟು ಜನ ಕೂತಿದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಹಾದುಹೋಗುವಾಗಲೆಲ್ಲ ಅದರ ಮೇಲಿನ ಧೂಳು ಒರೆಸಿ ಹೋಗುತ್ತಿದ್ದೆ, ಅಷ್ಟೇ. ಡಬ್ಬಿಗಳೆಲ್ಲ ಬರಿದಾಗಿವೆ, ಬರುವಾಗ ಕೈತುಂಬ ತಾ.

ಕಾಲು ಜಾರೀತು, ನೋಡಿ ನಡಿ. ಬೆಟ್ಟದಷ್ಟು ಆಯಸ್ಸು ಬರಲಿ ನಿನಗೆ.

ನಿನ್ನ,
ಅತ್ತೆ

ತಾಜಾ ಕಲಂ: ಗಾಡಿಯವನು ಹಾರ್ನ್ ಹೊಡೆಯುತ್ತಿದ್ದಾನೆ. ಯಾರು ಮೇಲ್ ತೆರೆದರು, ಯಾರು ತೆರೆಯಲಿಲ್ಲ ಅಂತ ಆ ಕಂಪ್ಯೂಟರ್ ತೋರಿಸುತ್ತೆ ಅಂತ ಮೊನ್ನೆ ಗೊತ್ತಾಯಿತು. ನನ್ನ ಹೆಸರೂ ಅಲ್ಲಿತ್ತು. ನೀನು ಕಳಿಸಿದ್ದು ನಲವತ್ತಾರು, ಅದರಲ್ಲಿ ನಾನು ತೆರೆದದ್ದು ಸೊನ್ನೆ. ತಿಂಗಳು ತಿಂಗಳೂ ನೀನದನ್ನು ನೋಡಿರುತ್ತೀಯ. ಒಂದೇ ಮನೆಯಲ್ಲಿ ಉಂಡು ಮಲಗಿದರೂ ಒಂದು ದಿನ ಬಾಯಿ ಬಿಡಲಿಲ್ಲವಲ್ಲ, ತಾಯಿ. ನಿನ್ನೆ ಬೆಳಿಗ್ಗೆಯಿಂದ ಕೂತು ನಲವತ್ತಾರೂ ಓದಿದೆ.