ಶಿರ್ವದ ಗಾಣದ ಎಣ್ಣೆ

ಗ್ರೀನ್‌ಫರ್ಡ್, ಲಂಡನ್
ಜನವರಿ 18, ಆದಿತ್ಯವಾರ

ಪ್ರೀತಿಯ ಮಾವನಿಗೆ ನಿಮ್ಮ ಸೊಸೆ ಜೆನಿಟಾಳ ವಂದನೆಗಳು.

ನೀವೂ ಅತ್ತೆಯೂ ಹೇಗಿದ್ದೀರಿ? ಅತ್ತೆಯ ಮೊಣಕಾಲು ಹೇಗುಂಟು? ಆ ಕಾಲು ಎಳೆದುಕೊಂಡು ಇಗರ್ಜಿಗೆ ನಡೆದೇ ಹೋಗುತ್ತಾರಂತೆ. ರಿಕ್ಷಾ ಹತ್ತಿದರೆ ದೇವರು ಪೂಜೆಯ ಲೆಕ್ಕಕ್ಕೆ ಹಿಡಿಯುವುದಿಲ್ಲವಾ, ಕೇಳಿ. ನಿಮ್ಮ ಕೆಮ್ಮು ಕಡಿಮೆಯಾಯಿತಾ? ಫೋನಿನಲ್ಲಿ ಕೇಳಿದರೆ "ಎಂತದೂ ಇಲ್ಲ ಮಾರಾಯ್ತಿ" ಎಂದು ಹೇಳುತ್ತಲೇ ಕೆಮ್ಮುತ್ತೀರಿ. ನಿಮ್ಮ ಮಗನೂ ಅದೇ ಅಚ್ಚು. ತೊಡೆಯೊಳಗೆ ಕಬ್ಬಿಣದ ಸಲಾಕೆ ಹಾಕಿಸಿಕೊಂಡು ಮಲಗಿದವನು "ಎಂತದೂ ಇಲ್ಲ" ಅನ್ನುತ್ತಾನೆ. ನಿಮ್ಮ ಮನೆಯ ಗಂಡಸರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಲು ಯಾರೂ ಕಲಿಸಲಿಲ್ಲವಾ ಅಂತ! ಮಾತು ಕೊಂಕಣಿಯಾದರೂ ಕಾಗದ ಕನ್ನಡದಲ್ಲೇ ಬರಬೇಕೆಂಬ ನಿಮ್ಮ ಹಠಕ್ಕೆ ಬರೆಯುತ್ತಿದ್ದೇನೆ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದ್ದರೆ ಬೈಯಬೇಡಿ. ಮುಗಿದ ಮೇಲೆ ಆಸ್ಟಿನ್ ಪೂರ್ತಿ ಓದಿ, ತಾನೂ ಎರಡು ಸಾಲು ಸೇರಿಸುತ್ತಾನಂತೆ. ಅವನು ಓದದೆ ಲಕೋಟೆ ಅಂಟಿಸಬಾರದೆಂದು ನನಗೆ ತಾಕೀತಾಗಿದೆ.

ಇಲ್ಲಿ ಈ ವರ್ಷದ್ದು ಚಳಿಯಲ್ಲ ಮಾವಾ, ಶಿಕ್ಷೆ. ನೀವು ಬಂದದ್ದು ಜುಲೈಯಲ್ಲಿ. ಹಿತ್ತಲಲ್ಲಿ ಬನಿಯನ್ ಹಾಕಿ ಕೂತು "ಇದೆಂತ ಚಳಿದೇಶವಾ? ನಮ್ಮ ಶಿರ್ವದ ಸೆಕೆಯೇ ಇಲ್ಲಿಗೂ ಬಂದಿದೆ" ಎಂದು ನಗುತ್ತಿದ್ದಿರಲ್ಲ, ಆ ಜಾಗದಲ್ಲಿ ಈಗ ಹುಲ್ಲಿನ ಮೇಲೆ ಕಾಲಿಟ್ಟರೆ ಹಪ್ಪಳ ಮುರಿದ ಹಾಗೆ ಸದ್ದಾಗುತ್ತದೆ. ಮಧ್ಯಾಹ್ನದ ಪಾತ್ರೆ ತೊಳೆದಿಡುವಷ್ಟರಲ್ಲಿ ಕತ್ತಲೆ. ಕೌನ್ಸಿಲಿನವರು ರಸ್ತೆಗೆಲ್ಲ ಉಪ್ಪು ಎರಚುತ್ತಾರೆ, ಒಣಮೀನಿಗೆ ಹಾಕಿದ ಹಾಗೆ. ಆ ಉಪ್ಪು ಹಾರಿ ಬೈಕಿಗೆ ಹತ್ತಿದರೆ ಕಬ್ಬಿಣವನ್ನು ತಿಂದೇ ಬಿಡುತ್ತದೆ. ಬೀಳುವ ಹಿಂದಿನ ದಿನದವರೆಗೂ ಆಸ್ಟಿನ್ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದವನು ಬೂಟು ಬಿಚ್ಚುವ ಮೊದಲು ಬೈಕು ತೊಳೆಯುತ್ತಿದ್ದ. ಅದೂ ತಣ್ಣೀರಿನಲ್ಲಿ. ಬಿಸಿನೀರು ಹೊಯ್ದರೆ ಉಪ್ಪು ಇನ್ನೂ ಬೇಗ ಕಚ್ಚುತ್ತದಂತೆ. ಬೆರಳು ನೀಲಿಯಾಗಿ ಒಳಗೆ ಬಂದು ನನ್ನ ಕುತ್ತಿಗೆಗೆ ಕೈ ಇಡುತ್ತಿದ್ದ, ಪೋಕರಿ. ಚಳಿಗೆಂದು ಹೊಸ ಟಯರು, ಕರೆಂಟಿನಲ್ಲಿ ಬಿಸಿಯಾಗುವ ಹಿಡಿ, ಕೈಗೆ ಗಾಳಿ ತಾಗದ ಹಾಗೆ ಹ್ಯಾಂಡಲಿಗೆ ಚೀಲ, ಎಲ್ಲ ಹಾಕಿಸಿದ್ದ. ನನಗೊಂದು ದಪ್ಪ ಕೋಟು ಬೇಕೆಂದರೆ ಅವನ ಕಿವಿ ಕೇಳುವುದಿಲ್ಲ. ಬೈಕು ಸೀನಿದರೂ ಕೇಳುತ್ತದೆ.

ಆ ಹುಚ್ಚು ನಿಮ್ಮಿಂದಲೇ ಬಂದದ್ದಲ್ಲವಾ? ನೀವಿಬ್ಬರೂ ಹಿತ್ತಲಲ್ಲಿ ಆ ಹಳೆಯ ಬೈಕಿನ ಒಂದೊಂದೇ ಭಾಗ ಬಿಚ್ಚಿ ನನ್ನ ಒಳ್ಳೆಯ ಬೆಡ್‌ಶೀಟಿನ ಮೇಲೆ ಹರಡಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ನಿಮ್ಮ ರಾಜದೂತ್ ಬೈಕಿಗೆ ಜೀವಮಾನವಿಡೀ ಮೆಕ್ಯಾನಿಕ್ ತೋರಿಸಲಿಲ್ಲ, ಕುವೈತಿನಲ್ಲಿದ್ದಾಗ ಸ್ನೇಹಿತರ ಗಾಡಿಗಳಿಗೂ ನಿಮ್ಮದೇ ಕೈ, ಎಲ್ಲ ಕಥೆ ಹೇಳಿದಿರಿ. ನಿಮ್ಮದೇ ತೆಂಗು, ಶಿರ್ವದ ಗಾಣದಲ್ಲಿ ತೆಗೆಸಿದ ಎಣ್ಣೆ, ಬಾಟಲಿಯನ್ನು ಸೀರೆಯಲ್ಲಿ ಸುತ್ತಿ ವಿಮಾನದಲ್ಲಿ ತಂದದ್ದು. ಅದನ್ನೇ ಬ್ರೇಕಿನ, ಕ್ಲಚ್ಚಿನ, ಆಕ್ಸಿಲರೇಟರಿನ ಕೇಬಲ್ಲುಗಳಿಗೆಲ್ಲ ಹನಿಹನಿಯಾಗಿ ಕುಡಿಸಿ "ಅಂಗಡಿಯ ಎಣ್ಣೆ ಇದರ ಮುಂದೆ ಎಂತದು?" ಎಂದಿರಿ. ಆ ದಿನ ಆಸ್ಟಿನ್ ಸಣ್ಣ ಹುಡುಗನ ಹಾಗೆ ನಿಮ್ಮ ಹಿಂದೆ ಮುಂದೆ ತಿರುಗಿದ. ನೀವು ಊರಿಗೆ ಹೋದ ಮೇಲೂ ಬೈಕು ಹತ್ತುವಾಗಲೆಲ್ಲ "ಪಪ್ಪನ ಕೈ ನೋಡು, ಬೆಣ್ಣೆಯ ಹಾಗೆ ತಿರುಗುತ್ತದೆ" ಎನ್ನುತ್ತಿದ್ದ.

ಅವನು ಹೇಗೆ ಬಿದ್ದ ಎಂದು ನೀವು ಪ್ರತಿ ಫೋನಿನಲ್ಲೂ ಕೇಳುತ್ತೀರಿ. ಡಿಸೆಂಬರಿನ ಒಂದು ಬೆಳಗ್ಗೆ ಡ್ಯೂಟಿಗೆ ಹೋಗುವಾಗ ಐಸ್ ಮೇಲೆ ಜಾರಿದ್ದೆಂದು ಅವನು ಹೇಳಿಯಾಗಿದೆ. ಐಸ್ ಎಂದೇ ನಾನೂ ಬರೆಯುತ್ತೇನೆ.

ಕಾಲಿನ ವಿಷಯ ಮಾತ್ರ ಮುಚ್ಚಿಡುವುದಿಲ್ಲ. ಮೂಳೆ ಕೂಡುತ್ತಿದೆ, ಆದರೆ ಸ್ವಲ್ಪ ಕುಂಟು ಉಳಿಯಬಹುದೆಂದು ಡಾಕ್ಟರು ಹೇಳಿದರು. ಮತ್ತೆ ಬೈಕು ಓಡಿಸುವುದರ ಬಗ್ಗೆ ಅವನು ಕೇಳಿದ್ದಕ್ಕೆ ಅವರು ನನ್ನ ಮುಖ ನೋಡಿದರು, ಅವನ ಮುಖ ನೋಡಲಿಲ್ಲ. ಈಗ ವಾಕರ್ ಹಿಡಿದು ಬಾತ್‌ರೂಮಿಗೆ ಹೋಗಿ ಬರುತ್ತಾನೆ, ಆಮೇಲೆ ಕಿಟಕಿಯ ಹತ್ತಿರ ಕೂತು ಹಿತ್ತಲಲ್ಲಿ ಕವರ್ ಹೊದೆಸಿಟ್ಟ ಬೈಕನ್ನು ನೋಡುತ್ತಾನೆ. ಆ ಹಾಳು ಬೈಕು ಮಾರಿಬಿಡುವ ಎಂದೆ. ಊಟದ ತಟ್ಟೆ ದೂಡಿದ. ನಾನೂ ಸುಮ್ಮನಿರಲಿಲ್ಲ ಬಿಡಿ, ಬಾಯಿಗೆ ಬಂದದ್ದನ್ನೆಲ್ಲ ಹೇಳಿ, ಆಮೇಲೆ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಕೇರ್ ಹೋಮಿನಲ್ಲಿ ದಿನವಿಡೀ ಬೇರೆಯವರ ಅಪ್ಪ ಅಮ್ಮಂದಿರನ್ನು ಎತ್ತಿ ಕೂರಿಸಿ ಮನೆಗೆ ಬಂದರೆ ಇವನನ್ನೂ ಎತ್ತಿ ಕೂರಿಸಬೇಕು. ನನಗೆ ಸುಸ್ತಾಗಿದೆ ಮಾವಾ. ಸುಸ್ತಿಗಿಂತ ಹೆಚ್ಚು ಹೆದರಿಕೆ.

ಫೆಬ್ರವರಿಯಲ್ಲಿ ನೀವಿಬ್ಬರೂ ಸೂರಜನ ಮನೆಗೆ ಗ್ಲಾಸ್ಗೋಗೆ ಬರುವುದು ಗೊತ್ತಾಗಿ ಸಂತೋಷವಾಯಿತು. ತಮ್ಮನೂ ಅಣ್ಣನನ್ನು ನೋಡಿ ಬೈಕು ತೆಗೆದುಕೊಂಡದ್ದು ನನಗೆ ಹಿಡಿಸಲಿಲ್ಲ. ಅಲ್ಲಿಯ ಚಳಿ ಇಲ್ಲಿಯದ್ದಕ್ಕೆ ಅಪ್ಪ. "ಅವನದ್ದನ್ನೂ ಚಳಿಗೆ ತಯಾರು ಮಾಡಿಕೊಡುತ್ತೇನೆ" ಎಂದು ಮೊನ್ನೆ ಫೋನಿನಲ್ಲಿ ನೀವು ಹುರುಪಿನಿಂದ ಹೇಳಿದಾಗ ಆಸ್ಟಿನ್ ಫೋನು ನನ್ನ ಕೈಗೆ ಕೊಟ್ಟುಬಿಟ್ಟ. ನೋವು ಬಂತೇನೋ ಎಂದುಕೊಂಡಿರಿ. ದಯಮಾಡಿ ಆ ಕೆಮ್ಮಿನಲ್ಲಿ ಅಲ್ಲಿ ಹೊರಗೆ ಕೂತು ಸ್ಪ್ಯಾನರ್ ಹಿಡಿಯಬೇಡಿ. ಒಳಗೆ ಹೀಟರಿನ ಹತ್ತಿರ ಕೂತು ಸೂರಜನ ಕೈಯಲ್ಲಿ ಚಹಾ ಮಾಡಿಸಿ ಕುಡಿಯಿರಿ.

ಅತ್ತೆಗೆ ನನ್ನ ಮುತ್ತು. ಸಂಜೆಯ ತೇರ್ಸದ ಪ್ರಾರ್ಥನೆಯಲ್ಲಿ ನಿಮ್ಮ ಮಗನ ಕಾಲನ್ನು ನೆನಪಿಸಿಕೊಳ್ಳಿ, ನನ್ನ ಬಾಯಿಯನ್ನೂ ಸ್ವಲ್ಪ ಸೇರಿಸಿಕೊಳ್ಳಿ. ನಿಮ್ಮಿಬ್ಬರ ಆಶೀರ್ವಾದ ಈ ಮನೆಗೆ ಈಗ ಬೇಕಾಗಿದೆ.

ಇಂತಿ ನಿಮ್ಮ,
ಜೆನಿಟಾ

ಪಪ್ಪಾ, ಇವಳು ಬರೆದಷ್ಟು ಕಷ್ಟ ಎಂತದೂ ಇಲ್ಲ. ಬಿದ್ದರೂ ಇಂಜಿನಿಗೆ ಒಂದು ಗೀರು ಸಹ ಬಿದ್ದಿಲ್ಲ, ನೀವು ಕಟ್ಟಿದ ಬೈಕಲ್ಲವಾ! ಹೆದರಬೇಡಿ ಎಂದು ಮಮ್ಮಿಗೆ ಹೇಳಿ. ಆಸ್ಟಿನ್.

ತಾ.ಕ.: ಮಾವಾ, ಇದು ಸೋಮವಾರ. ಪೋಸ್ಟ್ ಆಫೀಸಿನ ಕ್ಯೂನಲ್ಲಿ ಲಕೋಟೆ ಹರಿದು ಬರೆಯುತ್ತಿದ್ದೇನೆ. ಆಸ್ಟಿನಿಗೆ ಗೊತ್ತಿಲ್ಲ. ಐಸ್ ಅಲ್ಲ. ಆ ದಿನ ರಸ್ತೆ ಒಣಗಿತ್ತು. ತಿರುಗಿಸಿದ ಆಕ್ಸಿಲರೇಟರ್ ಹಿಂದೆ ಬರಲಿಲ್ಲ. ಮುಂದೆ ಜನ ರಸ್ತೆ ದಾಟುತ್ತಿದ್ದರು, ಅದಕ್ಕೆ ಬದಿಯ ಕಬ್ಬಿಣದ ಬೇಲಿಗೆ ನುಗ್ಗಿಸಿದ. ಗ್ಯಾರೇಜಿನವನು ಕೇಬಲ್ ಬಿಚ್ಚಿದಾಗ ಒಳಗಿಂದ ಬಿಳಿ ಮೇಣದಂಥದ್ದು ಬಂತು. ಯಾರು ಇದಕ್ಕೆ ಮೇಣದಬತ್ತಿ ಕರಗಿಸಿ ಹೊಯ್ದದ್ದು ಎಂದು ಕೇಳಿದ. ನಾನು ಮೂಸಿದೆ. ನಿಮ್ಮ ಎಣ್ಣೆ. ಈ ಚಳಿಗೆ ಅದು ಕಲ್ಲಾಗುತ್ತದೆ ಮಾವಾ. ಶಿರ್ವ, ಕುವೈತಿನಲ್ಲಿದ್ದು ಇಂಥ ಚಳಿಯನ್ನೇ ಕಾಣದ ನಿಮಗೆ ಅದು ಹೇಗೆ ಗೊತ್ತಾಗಬೇಕು? ಪ್ರತಿ ಚಳಿಗಾಲ ತಲೆಗೆ ಹಚ್ಚಲು ಅದನ್ನು ಕರಗಿಸುವ ನಮಗೇ ಹೊಳೆಯಲಿಲ್ಲ. "ಗೊತ್ತಾದರೆ ಪಪ್ಪ ಇನ್ನು ಯಾವ ಸ್ಪ್ಯಾನರನ್ನೂ ಮುಟ್ಟಲಿಕ್ಕಿಲ್ಲ" ಎಂದು ಆಸ್ಟಿನ್ ನನ್ನಿಂದ ಶಿಲುಬೆಯ ಮೇಲೆ ಆಣೆ ಹಾಕಿಸಿಕೊಂಡಿದ್ದ. ಮುರಿದಿದ್ದೇನೆ, ದೇವರು ನೋಡಿಕೊಳ್ಳಲಿ. ಸೂರಜನಿಗೆ ಹೇಳಬಹುದಿತ್ತು, ಆದರೆ ಅವನ ಬಾಯಿಗೆ ಬೀಗ ಇಲ್ಲ. ಹತ್ತು ಜನರ ನಡುವೆ ನಗಾಡಿಕೊಂಡು ಹೇಳಿಬಿಟ್ಟರೆ ನಿಮಗೆ ಹೇಗಾದೀತು? ಅವನ ಬೈಕಿಗೆ ಒಂದು ಹನಿಯೂ ಹಾಕಬೇಡಿ. ನಿಮ್ಮ ಕಾಲಿಗೆ ಬೀಳುತ್ತೇನೆ. ನಿಮಗೆ ಗೊತ್ತಿದೆ ಎಂದು ಆಸ್ಟಿನಿಗೆ ತೋರಿಸಿಕೊಳ್ಳಬೇಡಿ. ಕೂತು ಅಳಲೂ ಬೇಡಿ. ದಿನಾ ಸಂಜೆ ಅವನೇ ಆ ಬಾಟಲಿಯನ್ನು ರೇಡಿಯೇಟರಿನ ಮೇಲಿಟ್ಟು ಕರಗಿಸಿ, ಕಾಲಿಗೆ ಇದನ್ನೇ ತಿಕ್ಕು ಎಂದು ನನ್ನ ಕೈಗೆ ಕೊಡುತ್ತಾನೆ. ಔಷಧಿ ಅಂಗಡಿಯ ಕ್ರೀಮು ಮುಟ್ಟಗೊಡುವುದಿಲ್ಲ. ಎಣ್ಣೆ ತಳಕ್ಕೆ ಬಂದಿದೆ. ಬರುವಾಗ ಇನ್ನೊಂದು ಬಾಟಲಿ ತನ್ನಿ.