ನಲವತ್ತೊಂದು ಹೆಜ್ಜೆ

ಬಾವಿ ಓಣಿ, ಮಗ್ಗದ ಪೇಟೆ
ನೆರಳು ತಿಂಗಳು 4, ಇಸವಿ 2194

ನನ್ನ ಮುತ್ತಜ್ಜನ ಮುತ್ತಜ್ಜ ಗುರುಬಸಪ್ಪ ಮಾಸ್ತರರಿಗೆ ಸಾವಂತ್ರಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಕನ್ನಡಕ ಒರೆಸಿಕೊಳ್ಳಬೇಡಿ. ಬಿಸಿಲು ತಾಳದೆ ಮೇ ಮತ್ತು ಜೂನ್ ನಡುವೆ ನಾವೇ ಸೇರಿಸಿಕೊಂಡ ತಿಂಗಳು ಅದು. ಆ ತಿಂಗಳು ಮಧ್ಯಾಹ್ನ ಯಾರೂ ಹೊರಗೆ ದುಡಿಯುವುದಿಲ್ಲ. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರ ಅನ್ನಿಸೀತು, ಕ್ಷಮಿಸಿ. ಕ್ಷಮೆ ಕೇಳುವುದು ಇಷ್ಟಕ್ಕೆ ಮಾತ್ರ. ನನಗೆ ನಿಮ್ಮ ಮೇಲೆ ಸಿಟ್ಟಿದೆ, ಅದನ್ನು ತಿಳಿಸುವುದಕ್ಕೇ ಬರೆಯುತ್ತಿದ್ದೇನೆ.

ನಾನು ಓಣಿಗಾವಲಿನ ಕೆಲಸಕ್ಕೆ ಆಯ್ಕೆಯಾದವಳು. ನೀವು ಪೊಲೀಸ್ ಅನ್ನುತ್ತಿದ್ದುದನ್ನು ನಾವು ಹಾಗೆ ಕರೆಯುತ್ತೇವೆ. ಗಾವಲಿನವರು ತಾವು ಕಾಯುವ ಓಣಿಯಲ್ಲೇ ಮನೆ ಮಾಡಬೇಕು, ಅಲ್ಲಿಯ ನಲ್ಲಿಯಲ್ಲೇ ನೀರು ಹಿಡಿಯಬೇಕು, ಮಕ್ಕಳನ್ನು ಅಲ್ಲಿಯ ಶಾಲೆಗೇ ಕಳಿಸಬೇಕು. ಬೆಳಿಗ್ಗೆ ಬಾವಿಕಟ್ಟೆಯ ಮೇಲೆ ಕೂತು ಜಗಳ ಕೇಳುತ್ತಾರೆ. ಯಾರ ಆಡು ಯಾರ ಬಳ್ಳಿ ಮೇಯ್ದಿತು, ಯಾರ ಬಿಸಿಲುಬಟ್ಟೆ ಪಕ್ಕದ ಮನೆಗೆ ಅಡ್ಡ ಬಂತು ಎಂಬಂಥವು. ಬಿಸಿಲುಬಟ್ಟೆಯೆಂದರೆ ಮಾಳಿಗೆಯ ಮೇಲೆ ಹಾಸಿ ಕರೆಂಟು ಪಡೆಯುವ ಹಾಸು. ಲಾಠಿ ಠಾಣೆಯ ಗೋಡೆಯ ಮೇಲಿರುತ್ತದೆ, ಇಳಿಸಬೇಕೆಂದರೆ ಓಣಿಯ ಇಬ್ಬರು ಬಂದು ಒಪ್ಪಬೇಕು. ನಾವೇನು ದೇವರಾಗಿಬಿಟ್ಟಿಲ್ಲ. ಕಳ್ಳತನ, ಹೊಡೆದಾಟ ಈಗಲೂ ಉಂಟು, ಮೈಗಳ್ಳ ಗಾವಲಿನವರೂ ಉಂಟು.

ಕೆಲಸಕ್ಕೆ ಸೇರುವ ಮೊದಲು ಬಾಗಿಲೋದು ಎಂಬ ಪದ್ಧತಿಯಿದೆ. ಆ ಓಣಿಯ ಬಗ್ಗೆ ನಿಮ್ಮ ಕಾಲದ ಪೊಲೀಸರು ಬರೆದಿಟ್ಟ ಹಳೆಯ ಬೀಟ್ ಪುಸ್ತಕದಲ್ಲಿ ಯಾವ ಮನೆಗೆ ಅನ್ಯಾಯವಾದದ್ದು ದಾಖಲಾಗಿದೆಯೋ ಆ ಮನೆಯ ಬಾಗಿಲಲ್ಲಿ ನಿಂತು, ಆ ಪುಟವನ್ನು ಹೆಸರುಗಳ ಸಮೇತ ಗಟ್ಟಿಯಾಗಿ ಓದಬೇಕು. ಪುಸ್ತಕವನ್ನು ಅಲ್ಲೇ ಮೊದಲ ಸಲ ತೆರೆಯಬೇಕು. ಮನೆಯವರು ಕುಡಿಯಲು ನೀರು ಕೊಟ್ಟರೆ ಕೆಲಸ ನನ್ನದು, ಕೊಡದಿದ್ದರೆ ಇಲ್ಲ. ಎರಡು ಸಲ ಮಾತ್ರ ಅವಕಾಶ. ಆರು ವರ್ಷ ಈ ಕೆಲಸಕ್ಕಾಗಿ ಓದಿದ್ದೇನೆ, ಮಾಸ್ತರೇ. ಇದು ಬಿಟ್ಟರೆ ನನಗೆ ಬೇರೆ ಕೆಲಸ ಬೇಕಾಗಿಲ್ಲ.

ನಿನ್ನೆ ಮೊದಲ ಸಲ ಓದಿದೆ. ಹದಿನೇಳನೇ ಪುಟ, ‘ವಾರ್ಡಿನ ಸಂಶಯಾಸ್ಪದ ವ್ಯಕ್ತಿಗಳು’. ಮೂರನೆಯ ಹೆಸರು ದುರುಗವ್ವ. ‘ಕೂದಲು ತೆಗೆದುಕೊಂಡು ಪಿನ್ನು, ಸೂಜಿ ಕೊಡುತ್ತಾಳೆ. ಮನೆ ಮನೆ ಸುತ್ತುತ್ತಾಳೆ.’ ಅಷ್ಟೇ ಅವಳ ಅಪರಾಧ. ಸುತ್ತದೆ ಕೂದಲು ತಾನಾಗಿ ನಡೆದು ಬರುತ್ತದೆಯೇ? ಕೆಳಗೆ ಠಾಣೆಗೆ ಸಲಹೆ ಕೊಡುತ್ತಿದ್ದ ನಾಗರಿಕ ಸಮಿತಿಯ ಹನ್ನೊಂದು ಸಹಿ. ಮೊದಲನೆಯದು, ಕಾಪಿ ಪುಸ್ತಕದ ಹಾಗೆ ದುಂಡಗೆ ಬರೆದದ್ದು, ಅಧ್ಯಕ್ಷರಾದ ನಿಮ್ಮದು. ಅದನ್ನೂ ಗಟ್ಟಿಯಾಗಿಯೇ ಓದಿದೆ.

ಮುಂದಿನ ಪುಟವನ್ನೂ ಓದಿದೆ. ಎರಡು ವಾರದ ಮೇಲೆ ನಿಮ್ಮ ಮನೆಯ ನೀರಿನ ಮೋಟಾರು ಕಾಣೆಯಾಯಿತು. ಪಟ್ಟಿ ಇತ್ತಲ್ಲ, ಹುಡುಕುವ ಶ್ರಮ ಯಾಕೆ? ದುರುಗವ್ವನನ್ನು ಮೂರು ದಿನ ಠಾಣೆಯಲ್ಲಿ ಕೂರಿಸಿದರು. ನಾಲ್ಕನೆಯ ದಿನದ ಸಾಲು ಹೀಗಿದೆ: ‘ಮೋಟಾರು ಸಿಕ್ಕಿದೆ. ಅಧ್ಯಕ್ಷರ ಅಳಿಯ ರಿಪೇರಿಗೆ ಕೊಟ್ಟಿದ್ದರು.’ ಕಳುವಾದ ವಸ್ತುಗಳ ಪಟ್ಟಿಯಿಂದ ಮೋಟಾರಿನ ಹೆಸರನ್ನು ಸ್ಕೇಲು ಇಟ್ಟು ನೇರವಾಗಿ ಹೊಡೆದುಹಾಕಿದ್ದೀರಿ. ದುರುಗವ್ವನ ಹೆಸರು ಹಾಗೇ ಉಳಿದಿದೆ. ಆಮೇಲೆ ಪೇಟೆಯ ಒಂದು ಹೆಂಗಸೂ ಅವಳಿಗೆ ಬಾಗಿಲು ತೆರೆಯಲಿಲ್ಲ, ಅವಳು ಬುಟ್ಟಿ ಮಾರಿ ಕೂಲಿಗೆ ಹೋದಳು ಎಂದು ಈಗ ಆ ಮನೆಯಲ್ಲಿರುವ ಅವಳ ವಂಶದ ಹಿರಿಯಳು ಹುಲಿಗೆವ್ವ ಹೇಳಿದಳು.

ನಾನು ಓದಿ ಮುಗಿಸಿದ ಮೇಲೆ ಹುಲಿಗೆವ್ವ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಕೇಳಿದ್ದು ಒಂದೇ ಮಾತು.

“ಹನ್ನೊಂದು ಮಂದಿ ಸೈ ಮಾಡ್ಯಾರ. ಅದರಾಗ ಒಬ್ಬರರ ನಮ್ಮ ದುರುಗವ್ವನ ಬಾಗಿಲಿಗೆ ಬಂದು, ನೀ ಏನ್ ಮಾಡ್ತಿಯವಾ ಅಂತ ಕೇಳಿದ್ರೇನ ತಂಗಿ?”

ಪುಸ್ತಕದಲ್ಲಿ ಅದನ್ನು ಬರೆದಿಲ್ಲ ಎಂದೆ.

“ತಿಳ್ಕೊಂಡ್ ಬಾ. ನೀರಿನ ಮಾತು ಆಮ್ಯಾಲೆ.”

ನಿಮ್ಮ ಇನ್‌ಸ್ಪೆಕ್ಟರು ಒಳ್ಳೆಯವರೇ ಇದ್ದಿರಬೇಕು. ಜನ ಪೊಲೀಸರಿಗೆ ಹೆದರಬಾರದು, ಜೊತೆಗೆ ಕೂತು ಮಾತಾಡಬೇಕು ಎಂದು ಪುಸ್ತಕದ ಮೊದಲ ಪುಟದಲ್ಲಿ ತಾವೇ ಬರೆದಿದ್ದಾರೆ. ಆ ಮಾತಿನ ಮೇಲೆಯೇ ನಮ್ಮ ಓಣಿಗಾವಲು ನಿಂತಿದೆ. ಆದರೆ ಜನ ಎಂದರೆ ನಿಮಗೆ ಸಮಿತಿಯ ಹನ್ನೊಂದು ಪ್ಲಾಸ್ಟಿಕ್ ಕುರ್ಚಿ. ನಿವೃತ್ತ ಮಾಸ್ತರರು, ಮೆಡಿಕಲ್ ಅಂಗಡಿಯವರು, ಕಲ್ಯಾಣ ಮಂಟಪದವರು. ಬಾವಿ ಓಣಿಯಿಂದ ಒಬ್ಬರಿಗೂ ಕುರ್ಚಿ ಹಾಕಲಿಲ್ಲ. ಯಾರೋ ಆ ಹೆಂಗಸು ಸರಿಯಿಲ್ಲ ಅಂದರು, ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅಂದ ಹಾಗೆ ನೀವು ಪೆನ್ನು ತೆಗೆದಿರಿ. ಕೆಟ್ಟ ಪೊಲೀಸರನ್ನು ಬೈಯುವುದು ಸುಲಭ. ಇಲ್ಲಿ ಪೊಲೀಸರು ಮಾಡಿದ್ದು ನೀವು ಹೇಳಿದ್ದನ್ನೇ. ನಲವತ್ತು ವರ್ಷ ಮಕ್ಕಳಿಗೆ ಉತ್ತರ ಬರೆಯುವ ಮೊದಲು ಪ್ರಶ್ನೆ ಓದಿ ಎಂದು ಹೇಳಿದವರು ನೀವು. ನಾಚಿಕೆಯಾಗುತ್ತದೆ, ಮಾಸ್ತರೇ. ನಿಮ್ಮ ರಕ್ತ ನನ್ನ ಮೈಯಲ್ಲಿರುವುದಕ್ಕೆ ನಾಚಿಕೆಯಾಗುತ್ತದೆ.

ಓಣಿಯಾಚೆ ದೊಡ್ಡ ಬೀದಿಯಲ್ಲಿದ್ದ ನಿಮ್ಮ ಮನೆ ಈಗ ಇಲ್ಲ. ಜಗಲಿಯ ಕಲ್ಲು ಮಾತ್ರ ಇದೆ, ಓಣಿಯವರು ಅದರ ಮೇಲೆ ಹಪ್ಪಳ ಒಣಗಿಸುತ್ತಾರೆ. ಇಂದು ಬೆಳಿಗ್ಗೆ ಆ ಕಲ್ಲಿನಿಂದ ದುರುಗವ್ವನ ಬಾಗಿಲವರೆಗೆ ನಡೆದು ನೋಡಿದೆ. ನಲವತ್ತೊಂದು ಹೆಜ್ಜೆ. ಹಪ್ಪಳ ತಿರುವಿ ಹಾಕುತ್ತಿದ್ದವರು ಏನು ಕಳಕೊಂಡೆ ಎಂದು ಕೇಳಿದರು.

ಈ ಕಾಗದವನ್ನು ಹಿಂದಂಚೆಗೆ ಹಾಕುತ್ತೇನೆ. ಕಳೆದ ಕಾಲಕ್ಕೆ ಪತ್ರ ಒಯ್ಯುವ ಅಂಚೆ ಅದು. ಮುಟ್ಟುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಇದುವರೆಗೆ ಒಂದು ಉತ್ತರವೂ ಬಂದಿಲ್ಲ. ಆ ಪಟ್ಟಿಗೆ ಸಹಿ ಬಿದ್ದ ನಿಮ್ಮ ಸಭೆ ಸೋಮವಾರ ಹತ್ತು ಗಂಟೆಗೆ ಎಂದು ಪುಸ್ತಕದಲ್ಲಿದೆ. ಅದರ ಹಿಂದಿನ ಭಾನುವಾರ ನಿಮ್ಮ ಕೈಗೆ ಮುಟ್ಟಲೆಂದು ತಾರೀಖು ಬರೆದಿದ್ದೇನೆ. ಸಂಜೆ ಜಗಲಿಯಿಂದ ಇಳಿದು ಆ ನಲವತ್ತೊಂದು ಹೆಜ್ಜೆ ನಡೆಯಿರಿ. ಬಾಗಿಲು ತಟ್ಟಿ, ಏನು ಕೆಲಸ ಮಾಡುತ್ತೀಯವ್ವ ಎಂದು ಕೇಳಿ. ನೀರು ಕೊಟ್ಟರೆ ಕುಡಿಯಿರಿ.

ನಾಳೆ ಅದೇ ಬಾಗಿಲಲ್ಲಿ ಮತ್ತೆ ಪುಸ್ತಕ ತೆರೆಯುತ್ತೇನೆ. ನೀವು ಸಹಿ ಮಾಡದೆ ಬಿಟ್ಟು ಅಲ್ಲಿ ಹತ್ತೇ ಸಹಿ ಇದ್ದರೆ ನೀವು ನಡೆದಿರಿ ಎಂದು ಹುಲಿಗೆವ್ವನಿಗೆ ಹೇಳುತ್ತೇನೆ. ಹನ್ನೊಂದೇ ಇದ್ದರೆ ಯಾರೂ ಬಂದು ಕೇಳಲಿಲ್ಲ ಎಂದು ಹೇಳಿ, ಮೊದಲನೆಯ ಹೆಸರು ನನ್ನ ಮುತ್ತಜ್ಜನ ಮುತ್ತಜ್ಜನದು ಎಂದೂ ಹೇಳಿ, ನೀರು ಕೇಳದೆ ಹಿಂತಿರುಗುತ್ತೇನೆ.